ಕಾಯಿಲೆ ಗೊತ್ತಾಯ್ತು, ಮಾತು ಕೇಳಿಸ್ತಾ? ಡಾ. ಮುತ್ತುಲಕ್ಷ್ಮಿ ರೆಡ್ಡಿ, ಬೆಂಗಳೂರು ನಾಗರತ್ನಮ್ಮ ಮತ್ತು ಒಂದು ಕಾನೂನಿನ ಕಥೆ

ಇವತ್ತಿನದ್ದು ಇತಿಹಾಸದ ಸಂಚಿಕೆ. ಆದ್ರೆ ನಮ್ಮ ಮನೆಯ ಒಂದು ವಿಷಯದಿಂದ ಶುರು ಮಾಡ್ತೀನಿ.

ನಮ್ಮ ಚಿಕ್ಕಮ್ಮನಿಗೆ ಮಲದಲ್ಲಿ ರಕ್ತ ಹೋಗ್ತಿತ್ತು. ಊರಿನ ಕ್ಲಿನಿಕ್‌ನಲ್ಲಿ ತೋರಿಸಿದ್ರು. ಮೂಲವ್ಯಾಧಿ ಅಂದ್ರು, ಮಾತ್ರೆ ಕೊಟ್ರು, ಖಾರ ಬಿಡಿ ಅಂದ್ರು. ಏಳು ತಿಂಗಳು ಹೀಗೇ ಹೋಯ್ತು. ಪ್ರತಿ ಸಲ ಡಾಕ್ಟರ್ ಪ್ರಶ್ನೆ ಕೇಳ್ತಿದ್ದದ್ದು ಪಕ್ಕದಲ್ಲಿ ಕೂತಿದ್ದ ಚಿಕ್ಕಪ್ಪನನ್ನ. ಚಿಕ್ಕಮ್ಮ ಸೆರಗು ಹಿಡ್ಕೊಂಡು ಸುಮ್ಮನೆ ಕೂತಿರ್ತಿದ್ರು. ಕೊನೆಗೆ ದೊಡ್ಡ ಆಸ್ಪತ್ರೇಲಿ ಪರೀಕ್ಷೆ ಮಾಡಿಸಿದಾಗ ಗೊತ್ತಾಯ್ತು, ಅದು ಕ್ಯಾನ್ಸರ್. ಆಪರೇಷನ್ ಆಯ್ತು, ಈಗ ಆರಾಮಾಗಿದ್ದಾರೆ. ಆದ್ರೆ ಆಸ್ಪತ್ರೆ ವಾರ್ಡಲ್ಲಿ ಅವರು ನನಗೆ ಹೇಳಿದ ಒಂದು ಮಾತು ಮರೆಯೋಕೆ ಆಗ್ತಿಲ್ಲ. "ಇದು ಮೂಲವ್ಯಾಧಿ ಥರ ಇಲ್ಲ ಅಂತ ನಾನು ಮೊದಲೇ ಹೇಳಿದ್ನಲ್ಲ ಮಗಾ. ಕೇಳೋರು ಯಾರಿದ್ರು?"

ಇದಾದ ಮೇಲೆ ನಾನು ಒಬ್ಬ ಡಾಕ್ಟರ್ ಬಗ್ಗೆ ಓದೋಕೆ ಶುರು ಮಾಡ್ದೆ. ಸುಮಾರು ನೂರು ವರ್ಷದ ಹಿಂದೆ, 1923ರಲ್ಲಿ, ಮದ್ರಾಸಿನಲ್ಲಿ ಅವರ ತಂಗಿ ತೀರಿಕೊಂಡ್ರು. ಆಕೆಗಿದ್ದದ್ದು ಗುದನಾಳದ ಕ್ಯಾನ್ಸರ್. ಆದ್ರೆ ಮೊದಲು ಅದನ್ನ ಆಮಶಂಕೆ ಅಂದುಕೊಂಡು ಔಷಧಿ ಕೊಟ್ಟಿದ್ರು. ಅಕ್ಕ ಸ್ವತಃ ವೈದ್ಯೆ. ಆದ್ರೂ ತಂಗಿಯನ್ನ ಉಳಿಸಿಕೊಳ್ಳೋಕೆ ಆಗಲಿಲ್ಲ.

ಆ ಅಕ್ಕನ ಹೆಸರು ಡಾ. ಮುತ್ತುಲಕ್ಷ್ಮಿ ರೆಡ್ಡಿ. ಇವತ್ತಿನ ಕಥೆ ಅವರದ್ದು. ಅವರ ಎದುರು ನಿಂತ ಇನ್ನೊಬ್ಬ ಹೆಣ್ಣುಮಗಳದ್ದೂ ಹೌದು. ಆಕೆ ನಮ್ಮ ನಂಜನಗೂಡಿನವರು.

ಮೊದಲು ಪುದುಕೋಟೆಗೆ ಹೋಗೋಣ. ತಮಿಳುನಾಡಿನ ತಿರುಚ್ಚಿ ಹತ್ತಿರ ಇರೋ ಊರು, ಆಗ ಒಂದು ಪುಟ್ಟ ಸಂಸ್ಥಾನ. 1886ರ ಜುಲೈ 30ರಂದು ಮುತ್ತುಲಕ್ಷ್ಮಿ ಹುಟ್ಟಿದ್ದು ಅಲ್ಲಿ. ತಂದೆ ನಾರಾಯಣಸ್ವಾಮಿ ಅಯ್ಯರ್, ಅಲ್ಲಿನ ಮಹಾರಾಜ ಕಾಲೇಜಿನ ಪ್ರಾಂಶುಪಾಲರು. ತಾಯಿ ಚಂದ್ರಮ್ಮಾಳ್, ದೇವದಾಸಿ ಹಿನ್ನೆಲೆಯ ಕುಟುಂಬದಿಂದ ಬಂದವರು. ಅಪ್ಪನ ಕಡೆಯವರು ಈ ಸಂಬಂಧವನ್ನ ಮನಸಾರೆ ಒಪ್ಪಲಿಲ್ಲ. ಊರಿನವರ ಪಿಸುಮಾತು ಬೇರೆ. ಚಿಕ್ಕ ವಯಸ್ಸಲ್ಲೇ ಮುತ್ತುಲಕ್ಷ್ಮಿಗೆ ಇದೆಲ್ಲ ಅರ್ಥ ಆಗಿತ್ತು.

ಮೈನೆರೆದ ತಕ್ಷಣ ಶಾಲೆ ಬಿಡಿಸಿದ್ರು. ಆ ಕಾಲಕ್ಕೆ ಅದೇ ಪದ್ಧತಿ. ಆದ್ರೆ ಅಪ್ಪ ಮನೇಲೇ ಪಾಠ ಮುಂದುವರಿಸಿದ್ರು. ಹುಡುಗಿ ಖಾಸಗಿಯಾಗಿ ಮೆಟ್ರಿಕ್ಯುಲೇಷನ್ ಕಟ್ಟಿ ಪಾಸಾದಳು. ಮುಂದೆ ಓದೋಕೆ ಇದ್ದದ್ದು ಅದೇ ಮಹಾರಾಜ ಕಾಲೇಜು, ಅದು ಹುಡುಗರ ಕಾಲೇಜು. ಹುಡುಗಿಯನ್ನ ಸೇರಿಸಿಕೊಂಡ್ರೆ ನಮ್ಮ ಮಕ್ಕಳು ಕೆಡ್ತಾರೆ ಅಂತ ಪೋಷಕರ ಗಲಾಟೆ. ಕೊನೆಗೆ ಪುದುಕೋಟೆಯ ರಾಜರೇ ಮಧ್ಯೆ ಬಂದು ಸೇರಿಸಿ ಅಂದ್ರು.

ಅಲ್ಲಿಂದ 1907ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜು. 1912ರಲ್ಲಿ ಪದವಿ. ಅಲ್ಲಿ ವೈದ್ಯ ಪದವಿ ಪಡೆದ ಮೊದಮೊದಲ ಭಾರತೀಯ ಹೆಣ್ಣುಮಕ್ಕಳಲ್ಲಿ ಇವರೊಬ್ಬರು. 1914ರಲ್ಲಿ ಡಾ. ಸುಂದರ ರೆಡ್ಡಿ ಅವರನ್ನ ಮದುವೆ ಆದ್ರು. ಮದುವೆಗೆ ಮುಂಚೆ ಒಂದು ಷರತ್ತು ಹಾಕಿದ್ರು: ನನ್ನನ್ನ ಸರಿಸಮಾನಳಾಗಿ ನೋಡ್ಕೋಬೇಕು, ನನ್ನ ಇಷ್ಟಕ್ಕೆ ಅಡ್ಡ ಬರಬಾರದು. ಅವರು ಒಪ್ಪಿದ ಮೇಲೇ ಮದುವೆ. 1914ರಲ್ಲಿ ಅಂತ ನೆನಪಿಟ್ಟುಕೊಳ್ಳಿ. ಈಗ ಎಷ್ಟು ಜನ ಈ ಮಾತನ್ನ ಮದುವೆಗೆ ಮುಂಚೆ ಆಡ್ತೀವಿ?

ಈಗ ರಾಜಕೀಯಕ್ಕೆ ಬರೋಣ. ಮದ್ರಾಸ್ ಪ್ರಾಂತ್ಯದಲ್ಲಿ 1921ರಲ್ಲೇ ಹೆಂಗಸರಿಗೆ ಮತದಾನದ ಹಕ್ಕು ಸಿಕ್ಕಿತ್ತು. ಎಲ್ಲರಿಗೂ ಅಲ್ಲ, ಆಸ್ತಿ ಇದ್ದವರಿಗೆ ಮಾತ್ರ. ಆದ್ರೆ ಶಾಸನಸಭೆಯಲ್ಲಿ ಕೂರೋ ಹಕ್ಕು ಬಂದದ್ದು 1926ರಲ್ಲಿ. ಆ ವರ್ಷದ ಚುನಾವಣೆಗೆ ಮಂಗಳೂರಿನಿಂದ ಕಮಲಾದೇವಿ ಚಟ್ಟೋಪಾಧ್ಯಾಯ ನಿಂತ್ರು. ಆಗ ದಕ್ಷಿಣ ಕನ್ನಡ, ಬಳ್ಳಾರಿ ಎರಡೂ ಮದ್ರಾಸ್ ಪ್ರಾಂತ್ಯದಲ್ಲಿದ್ವು ಅನ್ನೋದು ನೆನಪಿರಲಿ. ಕಮಲಾದೇವಿ ಬಹಳ ಕಡಿಮೆ ಅಂತರದಲ್ಲಿ ಸೋತ್ರು. ಆಮೇಲೆ ಮಹಿಳಾ ಸಂಘಟನೆಗಳ ಒತ್ತಾಯದ ಮೇಲೆ ಸರ್ಕಾರ ಮುತ್ತುಲಕ್ಷ್ಮಿ ಅವರನ್ನ ನಾಮಕರಣ ಮಾಡ್ತು. ಪ್ರ್ಯಾಕ್ಟೀಸ್ ಹಾಳಾಗುತ್ತೆ ಅಂತ ಅವರಿಗೆ ಮೊದಲು ಹಿಂಜರಿಕೆ ಇತ್ತು. ಕೊನೆಗೆ ಒಪ್ಪಿದ್ರು. ಬ್ರಿಟಿಷ್ ಭಾರತದ ಮೊದಲ ಮಹಿಳಾ ಶಾಸಕಿ ಆದ್ರು. ಸಭೆ ಅವರನ್ನ ಉಪಾಧ್ಯಕ್ಷೆಯಾಗಿಯೂ ಆರಿಸ್ತು.

ಸಭೆಯಲ್ಲಿ ಅವರು ಎತ್ತಿದ ವಿಷಯಗಳನ್ನ ನೋಡಿದ್ರೆ ಒಬ್ಬ ಡಾಕ್ಟರ್ ಶಾಸಕಿ ಆದಾಗ ಏನಾಗುತ್ತೆ ಅಂತ ಗೊತ್ತಾಗುತ್ತೆ. ಶಾಲಾ ಮಕ್ಕಳ ಆರೋಗ್ಯ ತಪಾಸಣೆ. ಹೆಂಗಸರು ಮತ್ತು ಮಕ್ಕಳಿಗೆ ಆಸ್ಪತ್ರೆ. ಹೆಣ್ಣುಮಕ್ಕಳ ಓದಿಗೆ ಶುಲ್ಕ ರಿಯಾಯಿತಿ. ಬಾಲ್ಯವಿವಾಹದ ವಿರುದ್ಧ ಕಾನೂನು. ಹನ್ನೆರಡು, ಹದಿಮೂರು ವರ್ಷದ ಬಾಣಂತಿಯರನ್ನ ಕಂಡ ಪೀಳಿಗೆಯ ವೈದ್ಯೆ ಅವರು. ಹಾಗಾಗಿ ಈ ಪ್ರಶ್ನೆಗಳನ್ನ ಅವರು ಶಾಸ್ತ್ರದ ಚರ್ಚೆಯಾಗಿ ನೋಡಲಿಲ್ಲ, ವಾರ್ಡಿನ ವಿಷಯವಾಗಿ ನೋಡಿದ್ರು.

ಆದ್ರೆ ಅವರ ಹೆಸರು ಉಳಿದದ್ದು ಬೇರೆ ಒಂದು ವಿಷಯಕ್ಕೆ. ಅದು ದೇವದಾಸಿ ಪದ್ಧತಿ.

ನಮ್ಮಲ್ಲಿ ಉತ್ತರ ಕರ್ನಾಟಕದ ಕಡೆ 'ಮುತ್ತು ಕಟ್ಟೋದು' ಅಂತಾರೆ. ತಮಿಳಿನಲ್ಲಿ 'ಪೊಟ್ಟುಕಟ್ಟು'. ಹಳೇ ಮೈಸೂರಿನವರಿಗೆ 'ಗೆಜ್ಜೆಪೂಜೆ' ಅನ್ನೋ ಪದ ಗೊತ್ತು. 1969ರ ಪುಟ್ಟಣ್ಣ ಕಣಗಾಲ್ ಸಿನಿಮಾ ನಿಮ್ಮ ಅಮ್ಮ, ಅಜ್ಜಿ ನೋಡೇ ಇರ್ತಾರೆ. ಪದ ಯಾವುದಾದ್ರೂ ಆಗಲಿ, ನಡೀತಿದ್ದದ್ದು ಇದು: ಹೆಣ್ಣುಮಗುವನ್ನ ದೇವರಿಗೆ ಅಂತ ಒಪ್ಪಿಸೋದು. ಆಮೇಲೆ ಆಕೆಗೆ ಎಲ್ಲರಂತೆ ಮದುವೆ ಇಲ್ಲ. ದೇವಸ್ಥಾನದಲ್ಲಿ ಹಾಡು, ನೃತ್ಯ, ಆರತಿಯ ಸೇವೆ. ಅದಕ್ಕೆ ಪ್ರತಿಯಾಗಿ ಇನಾಂ ಭೂಮಿ. ಜೊತೆಗೆ ಯಾರೋ ಒಬ್ಬ ಹಣವಂತ ಪೋಷಕ. ಕೆಲವರು ದೊಡ್ಡ ಕಲಾವಿದೆಯರಾದ್ರು, ಮನೆ ಮಠ ಮಾಡಿಕೊಂಡ್ರು. ಬಹಳಷ್ಟು ಜನರ ಪಾಲಿಗೆ ಬಂದದ್ದು ಬಡತನ, ಕಾಯಿಲೆ, ಬಳಸಿ ಬಿಸಾಕೋ ಗಂಡಸರು.

ಮುತ್ತುಲಕ್ಷ್ಮಿ 1927ರಲ್ಲಿ ಸಭೆಯಲ್ಲಿ ಈ ಬಗ್ಗೆ ನಿರ್ಣಯ ಮಂಡಿಸಿದ್ರು. 1929ರಲ್ಲಿ ಹಿಂದೂ ಧಾರ್ಮಿಕ ದತ್ತಿ ಕಾಯ್ದೆಗೆ ಒಂದು ತಿದ್ದುಪಡಿ ಪಾಸ್ ಮಾಡಿಸಿದ್ರು. ಇದನ್ನ ಸ್ವಲ್ಪ ಗಮನ ಇಟ್ಟು ಕೇಳಿ, ಯಾಕಂದ್ರೆ ಇಲ್ಲಿ ಅವರ ಜಾಣತನ ಇದೆ. ಇನಾಂ ಭೂಮಿ ಇದ್ದದ್ದು ಸೇವೆಯ ಷರತ್ತಿನ ಮೇಲೆ. ಸೇವೆ ನಿಲ್ಲಿಸಿದ್ರೆ ಭೂಮಿ ಹೋಗುತ್ತೆ. ಭೂಮಿ ಉಳೀಬೇಕು ಅಂದ್ರೆ ಮುಂದಿನ ತಲೆಮಾರಿನ ಒಂದು ಹುಡುಗಿಯನ್ನ ದೇವರಿಗೆ ಬಿಡಲೇಬೇಕು. ಈ ತಿದ್ದುಪಡಿ ಆ ಗಂಟನ್ನ ಬಿಚ್ಚಿತು. ದೇವಸ್ಥಾನದ ಸೇವೆ ಬಿಟ್ರೂ ಭೂಮಿ ಆ ಹೆಣ್ಣಿನ ಹತ್ತಿರವೇ ಉಳಿಯುತ್ತೆ ಅಂತ ಮಾಡಿತು. ಹುಡುಗಿಯರನ್ನ ದೇವರಿಗೆ ಬಿಡೋದನ್ನೇ ನಿಷೇಧಿಸೋ ಮಸೂದೆ ಆಮೇಲೆ ಬಂತು. ಆದ್ರೆ 1930ರಲ್ಲಿ ಗಾಂಧೀಜಿ ಬಂಧನವಾದಾಗ ಅದನ್ನ ಪ್ರತಿಭಟಿಸಿ ಮುತ್ತುಲಕ್ಷ್ಮಿ ರಾಜೀನಾಮೆ ಕೊಟ್ರು. ಮಸೂದೆ ಅಲ್ಲೇ ನಿಂತಿತು. ಪೂರ್ತಿ ನಿಷೇಧ ಕಾನೂನಾದದ್ದು 1947ರಲ್ಲಿ.

ಇಷ್ಟು ಕೇಳಿದ್ರೆ ಇದೊಂದು ಸರಳವಾದ ಗೆಲುವಿನ ಕಥೆ ಅನ್ಸುತ್ತೆ. ನನಗೂ ಹಾಗೇ ಅನ್ನಿಸಿತ್ತು. ಆಮೇಲೆ ಇನ್ನೊಂದು ಹೆಸರು ಸಿಕ್ತು. ಅದು ಬೆಂಗಳೂರು ನಾಗರತ್ನಮ್ಮ.

ನಾಗರತ್ನಮ್ಮ 1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದವರು. ದೇವದಾಸಿ ಮನೆತನ. ಚಿಕ್ಕಂದಿನಲ್ಲೇ ತಾಯಿಯನ್ನ ಕಳ್ಕೊಂಡ್ರು. ಸಂಗೀತ, ನೃತ್ಯ, ಸಂಸ್ಕೃತ ಕಲಿತ್ರು. ಮೈಸೂರು, ಬೆಂಗಳೂರು ದಾಟಿ ಮದ್ರಾಸಿಗೆ ಹೋಗಿ ದೊಡ್ಡ ಗಾಯಕಿ ಆದ್ರು. ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿ ಪಾಳು ಬಿದ್ದಿತ್ತು. ತಾನು ದುಡಿದ ಹಣ ಹಾಕಿ ಅಲ್ಲಿ ಗುಡಿ ಕಟ್ಟಿಸಿದವರು ಇವರೇ. ಅಲ್ಲಿನ ಆರಾಧನೆಯಲ್ಲಿ ಹೆಂಗಸರು ಹಾಡೋಹಾಗಿರಲಿಲ್ಲ. ಹೆಂಗಸರದ್ದೇ ಬೇರೆ ಗುಂಪು ಕಟ್ಟಿಕೊಂಡು ಹಾಡಿಸಿದ್ರು. ಇನ್ನೊಂದು ವಿಷಯ. ಮುದ್ದುಪಳನಿ ಅನ್ನೋ 18ನೇ ಶತಮಾನದ ಕವಯಿತ್ರಿ ಬರೆದ ತೆಲುಗು ಕಾವ್ಯ 'ರಾಧಿಕಾ ಸಾಂತ್ವನಮು'. ಅದನ್ನ 1910ರಲ್ಲಿ ಪೂರ್ತಿಯಾಗಿ ಅಚ್ಚು ಹಾಕಿಸಿದವರೂ ನಾಗರತ್ನಮ್ಮ. ಅಶ್ಲೀಲ ಅಂತ ಬ್ರಿಟಿಷ್ ಸರ್ಕಾರ ಪುಸ್ತಕವನ್ನ ನಿಷೇಧಿಸಿತು.

ಅಂದ್ರೆ ಸರ್ಕಾರಕ್ಕೂ, ಪಂಡಿತರಿಗೂ ಎದುರು ಮಾತಾಡಿ ಅಭ್ಯಾಸ ಇದ್ದ ಹೆಂಗಸು. 1927ರಲ್ಲಿ ಮುತ್ತುಲಕ್ಷ್ಮಿ ಅವರ ಪ್ರಯತ್ನ ಶುರುವಾದಾಗ ಮದ್ರಾಸಿನ ದೇವದಾಸಿಯರು ಸಂಘ ಕಟ್ಟಿಕೊಂಡು ಸರ್ಕಾರಕ್ಕೆ ಮನವಿ ಕೊಟ್ರು. ಅದರ ಮುಂಚೂಣಿಯಲ್ಲಿ ನಾಗರತ್ನಮ್ಮ ಇದ್ರು.

ಅವರ ವಾದ ಏನು? ನಮ್ಮನ್ನೆಲ್ಲ ವೇಶ್ಯೆಯರು ಅಂತ ಒಂದೇ ತಕ್ಕಡೀಲಿ ತೂಗಬೇಡಿ. ನಾವು ಓದಿದವರು, ಕಲೆ ಉಳಿಸಿದವರು. ನಮ್ಮಲ್ಲಿ ತಪ್ಪುಗಳಿದ್ರೆ ಶಾಲೆ ಕೊಡಿ, ಶಿಕ್ಷಣ ಕೊಡಿ. ನಮ್ಮ ಬಗ್ಗೆ ಕಾನೂನು ಮಾಡ್ತಿದ್ದೀರಿ, ನಮ್ಮನ್ನ ಕೇಳಿದ್ರಾ? ಇದರ ಜೊತೆ ಆಸ್ತಿಯ ಲೆಕ್ಕವೂ ಇತ್ತು. ಮದ್ರಾಸ್ ಪ್ರಾಂತ್ಯದಲ್ಲಿ ದೇವದಾಸಿಯ ಆಸ್ತಿ ತಾಯಿಯಿಂದ ಮಗಳಿಗೆ ಬರ್ತಿತ್ತು. ಹೆಣ್ಣುಮಗುವನ್ನ ದತ್ತು ತಗೊಳ್ಳೋಕೂ ಅವರಿಗೆ ಅವಕಾಶ ಇತ್ತು. ಬೇರೆ ಹಿಂದೂ ಹೆಣ್ಣುಮಕ್ಕಳಿಗೆ ಉತ್ತರಾಧಿಕಾರ ಕಾಯ್ದೆ ಬಂದದ್ದೇ 1956ರಲ್ಲಿ.

ಈ ಭಯಕ್ಕೆ ಕಾರಣವೂ ಇತ್ತು. ನಾಗರತ್ನಮ್ಮ ಹುಟ್ಟಿದ ಊರನ್ನೇ ತಗೊಳ್ಳಿ. ಮೈಸೂರು ಸರ್ಕಾರ 1909ರ ಹೊತ್ತಿಗೇ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆ ನಿಲ್ಲಿಸಿತ್ತು. ನಂಜನಗೂಡಿನ ಶ್ರೀಕಂಠೇಶ್ವರ ದೇವಸ್ಥಾನದ ದೇವದಾಸಿಯರು ನಮ್ಮ ಸೇವೆ ನಮಗೆ ಬಿಡಿ ಅಂತ ಮನವಿ ಮಾಡಿದ್ರು. ಸರ್ಕಾರ ಒಪ್ಪಲಿಲ್ಲ. ಮುಂದೆ ಮದ್ರಾಸಿನ ಚರ್ಚೆಯಲ್ಲಿ ಮೈಸೂರನ್ನ ಮಾದರಿ ಅಂತ ತೋರಿಸಿದ್ರು. ಮಾದರಿ ರಾಜ್ಯದಲ್ಲಿ ಆ ಹೆಂಗಸರ ಮಾತಿಗೆ ಏನು ಬೆಲೆ ಸಿಕ್ಕಿತ್ತು ಅಂತ ನಂಜನಗೂಡಿನವರಿಗೆ ಗೊತ್ತಿತ್ತು.

ಈಗ ನೀವು ಕೇಳಬಹುದು, ಹಾಗಾದ್ರೆ ಯಾರು ಸರಿ?

ಮುತ್ತುಲಕ್ಷ್ಮಿ ಪರವಾಗಿ ಒಂದು ಗಟ್ಟಿ ಮಾತಿದೆ. ಮನವಿಗೆ ಸಹಿ ಹಾಕಿದವರು ದೊಡ್ಡವರು, ಹೆಸರು ಮಾಡಿದವರು. ದೇವರಿಗೆ ಬಿಡ್ತಿದ್ದದ್ದು ಏಳೆಂಟು ವರ್ಷದ ಮಕ್ಕಳನ್ನ. ಆ ಮಗು ಯಾವ ಮನವಿಗೆ ಸಹಿ ಹಾಕುತ್ತೆ? ಅದರ ಪರವಾಗಿ ಯಾರಾದ್ರೂ ಮಾತಾಡಲೇಬೇಕಲ್ವಾ? ಮುತ್ತುಲಕ್ಷ್ಮಿಗೆ ಇದು ಪುಸ್ತಕದಿಂದ ಬಂದ ತಿಳಿವಳಿಕೆ ಅಲ್ಲ. ಅವರ ತಾಯಿಯ ಮನೆತನದ್ದೇ ನೋವು. ಅದೇ ಸಮುದಾಯದಿಂದ ಬಂದ ಮೂವಲೂರು ರಾಮಾಮೃತಮ್ ಅವರೂ ಈ ಪದ್ಧತಿ ಹೋಗಲೇಬೇಕು ಅಂತ ಊರೂರು ಸುತ್ತಿ ಹೋರಾಡಿದ್ರು. ಅಂದ್ರೆ ದೇವದಾಸಿ ಕುಟುಂಬಗಳ ಒಳಗೇ ಎರಡು ಅಭಿಪ್ರಾಯ ಇತ್ತು. ಮುತ್ತುಲಕ್ಷ್ಮಿ ಕಾನೂನು ಮಾಡಿ ಕೈತೊಳ್ಕೊಳ್ಳಲೂ ಇಲ್ಲ. 1930ರ ಸುಮಾರಿಗೆ ಈ ಬದುಕಿನಿಂದ ತಪ್ಪಿಸಿಕೊಂಡು ಬಂದ ಹುಡುಗಿಯರಿಗೆ ಹಾಸ್ಟೆಲ್‌ಗಳಲ್ಲಿ ಜಾಗ ಸಿಗಲಿಲ್ಲ. ಜಾತಿ ಕೇಳಿ ಬಾಗಿಲು ಹಾಕಿದ್ರು. ಮುತ್ತುಲಕ್ಷ್ಮಿ ತಮ್ಮ ಮನೆಯಲ್ಲೇ ಇಟ್ಕೊಂಡ್ರು. ಅದೇ ಮುಂದೆ 'ಅವ್ವೈ ಹೋಮ್' ಅನ್ನೋ ಸಂಸ್ಥೆ ಆಯ್ತು. ಇವತ್ತಿಗೂ ಚೆನ್ನೈನಲ್ಲಿ ಇದೆ.

ನಾಗರತ್ನಮ್ಮ ಪರವಾಗಿಯೂ ಗಟ್ಟಿ ಮಾತಿದೆ. ಕಾನೂನು ಬಂದ ಮೇಲೆ ಏನಾಯ್ತು ನೋಡಿ. ದೇವಸ್ಥಾನದ ಬಾಗಿಲು ಮುಚ್ಚಿತು. ಮದುವೆ ಮನೆಗಳಿಂದ ಕಛೇರಿಗೆ ಕರೆ ಬರೋದು ನಿಂತಿತು. ಆ ನೃತ್ಯ ಮಾತ್ರ ನಿಲ್ಲಲಿಲ್ಲ. 1930ರ ದಶಕದಲ್ಲಿ ಅದು ಭರತನಾಟ್ಯ ಅಂತ ಹೊಸ ಗೌರವದ ಜೊತೆ ಮೇಲ್ಜಾತಿ ಮನೆಗಳ ಹೆಣ್ಣುಮಕ್ಕಳ ವೇದಿಕೆಗೆ ಬಂತು. ತಲೆತಲಾಂತರದಿಂದ ಅದನ್ನ ಕಾಪಾಡಿದವರು ತಮ್ಮ ಮನೆತನದ ಗುರುತನ್ನ ಮುಚ್ಚಿಟ್ಟು ಬದುಕಬೇಕಾಯ್ತು. ಎಷ್ಟೋ ಕಡೆ ಹೆಂಗಸರ ಕೈಲಿದ್ದ ಆಸ್ತಿ, ಮನೆತನದ ಯಜಮಾನಿಕೆ ಗಂಡಸರ ಕೈಗೆ ಹೋಯ್ತು. ಆ ಹೆಂಗಸರ ಭಯ ಸುಳ್ಳಾಗಿರಲಿಲ್ಲ.

ನನಗೆ ಅನ್ಸೋದು ಇಷ್ಟು. ಡಾ. ಮುತ್ತುಲಕ್ಷ್ಮಿ ಕಾಯಿಲೆಯನ್ನ ಸರಿಯಾಗಿ ಗುರುತಿಸಿದ್ರು. ಎಳೇ ಮಕ್ಕಳನ್ನ ದೇವರ ಹೆಸರಲ್ಲಿ ಬಿಡೋ ಪದ್ಧತಿ ಹೋಗಲೇಬೇಕಿತ್ತು, ಅದರಲ್ಲಿ ಅನುಮಾನ ಇಲ್ಲ. ಆದ್ರೆ ಆ ಸಭೆಯಲ್ಲಿ ಚಿಕಿತ್ಸೆ ತೀರ್ಮಾನ ಆಗುವಾಗ, ಯಾರ ಬದುಕಿನ ಮೇಲೆ ಅದು ನಡೀಬೇಕೋ ಅವರಿಗೆ ಕುರ್ಚಿ ಇರಲಿಲ್ಲ. ಅವರ ಮಾತು ಅರ್ಜಿಯಾಗಿ ಬಂತು, ಫೈಲ್ ಸೇರ್ತು. ನಾಗರತ್ನಮ್ಮ ಕೇಳಿದ ಶಾಲೆ, ಗೌರವ, ಕಲೆಗೆ ಜಾಗ, ಇವನ್ನೂ ಕಾನೂನಿನ ಜೊತೆಗೇ ಸೇರಿಸಿದ್ದಿದ್ರೆ? ಮಗುವನ್ನೂ ಉಳಿಸಬಹುದಿತ್ತು, ಅಜ್ಜಿಯ ಮರ್ಯಾದೆಯನ್ನೂ ಉಳಿಸಬಹುದಿತ್ತು. ಎರಡರಲ್ಲಿ ಒಂದನ್ನೇ ಆರಿಸ್ಕೋಬೇಕು ಅಂತ ಯಾರು ಹೇಳಿದ್ರು?

ಮುತ್ತುಲಕ್ಷ್ಮಿ ಅವರ ಕೊನೆಯ ದೊಡ್ಡ ಕೆಲಸಕ್ಕೆ ಬರ್ತೀನಿ. ತಂಗಿಯ ಸಾವನ್ನ ಅವರು ಮರೆಯಲಿಲ್ಲ. 1925ರಲ್ಲಿ ಇಂಗ್ಲೆಂಡಿಗೆ ಹೋದಾಗ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕಲಿತು ಬಂದ್ರು. ಮದ್ರಾಸಿನಲ್ಲಿ ಕ್ಯಾನ್ಸರ್‌ಗೇ ಒಂದು ಆಸ್ಪತ್ರೆ ಬೇಕು ಅಂತ 1935ರಲ್ಲಿ ಬಹಿರಂಗವಾಗಿ ಕೇಳಿದ್ರು. ಅದು ಕೈಗೂಡೋಕೆ ಹತ್ತೊಂಬತ್ತು ವರ್ಷ ಹಿಡೀತು. 1952ರಲ್ಲಿ ನೆಹರೂ ಅಡಿಗಲ್ಲು ಹಾಕಿದ್ರು. 1954ರಲ್ಲಿ ಅಡ್ಯಾರಿನ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ತೆರೀತು. ಎಷ್ಟು ಹಾಸಿಗೆ ಗೊತ್ತಾ? ಹನ್ನೆರಡು. ಆಗ ಮುತ್ತುಲಕ್ಷ್ಮಿ ಅವರಿಗೆ 68ರ ಹತ್ತಿರ ವಯಸ್ಸು.

ಅವರ ಮಗ ಡಾ. ಕೃಷ್ಣಮೂರ್ತಿ ಅಲ್ಲಿ ಕೆಲಸಕ್ಕೆ ನಿಂತ್ರು. ಸ್ವಲ್ಪ ದಿನದಲ್ಲೇ ಡಾ. ವಿ. ಶಾಂತಾ ಅನ್ನೋ ಯುವ ವೈದ್ಯೆ ಬಂದು ಸೇರಿದ್ರು. ಸರ್ಕಾರಿ ಕೆಲಸದ ದಾರಿ ಬಿಟ್ಟು ಬಂದವರು ಜೀವಮಾನ ಪೂರ್ತಿ ಅಲ್ಲೇ ಇದ್ರು. 2005ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 2016ರಲ್ಲಿ ಪದ್ಮವಿಭೂಷಣ ಬಂತು. 2021ರ ಜನವರಿಯಲ್ಲಿ ತೀರಿಕೊಂಡ್ರು. ಹನ್ನೆರಡು ಹಾಸಿಗೆ ನೂರಾರು ಹಾಸಿಗೆ ಆಯ್ತು. ದುಡ್ಡಿಲ್ಲ ಅಂತ ರೋಗಿಯನ್ನ ವಾಪಸ್ ಕಳಿಸಬಾರದು ಅನ್ನೋದು ಆ ಆಸ್ಪತ್ರೆಯ ಮೊದಲ ಪಾಠ. ಮುತ್ತುಲಕ್ಷ್ಮಿ 1956ರಲ್ಲಿ ಪದ್ಮಭೂಷಣ ಪಡೆದು, 1968ರಲ್ಲಿ ತೀರಿಕೊಂಡ್ರು. ತಮಿಳುನಾಡಿನಲ್ಲಿ ಬಡ ಗರ್ಭಿಣಿಯರಿಗೆ ಸರ್ಕಾರ ಕೊಡೋ ನೆರವಿನ ಯೋಜನೆಗೆ ಅವರದ್ದೇ ಹೆಸರು.

ನಾಗರತ್ನಮ್ಮ 1952ರಲ್ಲಿ ತಿರುವಯ್ಯಾರಿನಲ್ಲಿ ತೀರಿಕೊಂಡ್ರು. ತ್ಯಾಗರಾಜರ ಗುಡಿಯ ಎದುರಿಗೇ ಅವರ ಸಮಾಧಿ, ಮೂರ್ತಿ ಇದೆ. ಈಗ ಆರಾಧನೆಯಲ್ಲಿ ಸಾವಿರಾರು ಜನ ಒಟ್ಟಿಗೆ ಕೂತು ಪಂಚರತ್ನ ಕೃತಿ ಹಾಡ್ತಾರಲ್ಲ, ಅದರಲ್ಲಿ ಹೆಂಗಸರೂ ಇರ್ತಾರಲ್ಲ, ಅದು ಇವರು ಗೆದ್ದುಕೊಟ್ಟ ಜಾಗ.

ಮತ್ತೆ ನಮ್ಮ ಕರ್ನಾಟಕ? 1934ರಲ್ಲಿ ಬಾಂಬೆ ಪ್ರಾಂತ್ಯ ಮಾಡಿದ ದೇವದಾಸಿ ಕಾನೂನು ಬೆಳಗಾವಿ, ಧಾರವಾಡ, ವಿಜಯಪುರಕ್ಕೂ ಅನ್ವಯಿಸ್ತಿತ್ತು. 1947ರ ಮದ್ರಾಸ್ ಕಾನೂನು ಬಳ್ಳಾರಿಗೂ ಅನ್ವಯಿಸ್ತಿತ್ತು. ಆದ್ರೂ 1982ರಲ್ಲಿ ಕರ್ನಾಟಕ ಮತ್ತೆ ಹೊಸದಾಗಿ ನಿಷೇಧ ಕಾನೂನು ಮಾಡಬೇಕಾಯ್ತು. ಅದಾಗಿ ಕಾಲು ಶತಮಾನದ ಮೇಲೆ, 2007-08ರ ಸರ್ಕಾರಿ ಸಮೀಕ್ಷೆಯಲ್ಲಿ ಸಿಕ್ಕ ದೇವದಾಸಿಯರ ಸಂಖ್ಯೆ 46 ಸಾವಿರಕ್ಕೂ ಹೆಚ್ಚು. ಬಹುತೇಕ ಎಲ್ಲರೂ ದಲಿತ, ಹಿಂದುಳಿದ ಸಮುದಾಯದವರು. ಇವರಿಗೆ ಇನಾಂ ಭೂಮಿಯೂ ಇಲ್ಲ, ಸಂಗೀತದ ಹೆಸರೂ ಇಲ್ಲ. ಕಾನೂನು ಒಂದಾದ ಮೇಲೊಂದು ಬಂದ್ರೂ ಮುತ್ತು ಕಟ್ಟೋದು ಯಾಕೆ ನಿಲ್ಲಲಿಲ್ಲ ಅಂತ ತಿಳೀಬೇಕಾದ್ರೆ ಮೊದಲು ಅವರನ್ನೇ ಕೇಳಬೇಕು. ಬಳ್ಳಾರಿ, ವಿಜಯನಗರ, ಕೊಪ್ಪಳದ ಕಡೆ ಮಾಜಿ ದೇವದಾಸಿಯರೇ ಸಂಘ ಕಟ್ಟಿಕೊಂಡು ಪಿಂಚಣಿ, ಮನೆ, ಭೂಮಿ, ಮಕ್ಕಳ ಓದು ಅಂತ ಧರಣಿ ಕೂರ್ತಿದ್ದಾರೆ. ನಾಗರತ್ನಮ್ಮನ ಪ್ರಶ್ನೆಯೂ, ಮುತ್ತುಲಕ್ಷ್ಮಿಯ ಹಟವೂ ಈಗ ಒಂದೇ ಪೆಂಡಾಲಿನ ಕೆಳಗೆ ಕೂತಿವೆ.

ಕೊನೆಗೆ ನಮ್ಮ ಚಿಕ್ಕಮ್ಮನ ವಿಷಯ. ಈಗ ಅವರು ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗ್ತಾರೆ. ಹೋದ ಸಲ ನಾನೂ ಜೊತೆಗೆ ಹೋಗಿದ್ದೆ. ಡಾಕ್ಟರ್ ಅಭ್ಯಾಸಬಲದಿಂದ ಚಿಕ್ಕಪ್ಪನ ಕಡೆ ತಿರುಗಿ, "ಊಟ ಸರಿ ಮಾಡ್ತಾರಾ?" ಅಂದ್ರು. ಚಿಕ್ಕಪ್ಪ ಏನೂ ಹೇಳದೆ ಎದ್ದು, ಚಿಕ್ಕಮ್ಮನ ಕುರ್ಚಿಯನ್ನ ಮೇಜಿನ ಹತ್ತಿರಕ್ಕೆ ಎಳೆದು, "ಅವಳನ್ನೇ ಕೇಳಿ ಸರ್" ಅಂದ್ರು.

ನಿಮ್ಮ ಮನೇಲೂ ಅಮ್ಮನೋ, ಅಜ್ಜಿಯೋ, ಅತ್ತೆಯೋ "ಯಾಕೋ ಸರಿ ಇಲ್ಲ" ಅಂದ್ರೆ, ಗ್ಯಾಸ್ಟ್ರಿಕ್ ಇರುತ್ತೆ ಬಿಡು ಅನ್ನೋಕೆ ಮುಂಚೆ ಫೋನ್ ಪಕ್ಕಕ್ಕಿಟ್ಟು ಪೂರ್ತಿ ಕೇಳಿಸ್ಕೊಳ್ಳಿ. ಆಸ್ಪತ್ರೆಗೆ ಹೋದಾಗ ಅವರ ಬಾಯಲ್ಲೇ ಹೇಳೋಕೆ ಬಿಡಿ. ಇವತ್ತಿಗೆ ಇಷ್ಟು. ಮುಂದಿನ ಸಂಚಿಕೆಯಲ್ಲಿ ಸಿಗೋಣ, ನಮಸ್ಕಾರ.